ದೆವ್ವ ಬಂದ ಮೇಲೆ ಉಸಿರು ಬಂತು ಅಂದರೆ

ಓದುಗರೊಬ್ಬರ ಪ್ರಶ್ನೆ: ಎರಡು ವರ್ಷದ ಹಿಂದೆ ನನ್ನ ತಂಗಿ ತೀರಿಕೊಂಡಳು. ಕಳೆದ ತಿಂಗಳು ಗೆಳೆಯರ ಜೊತೆ 'ಹೆರಿಡಿಟರಿ' ಸಿನಿಮಾ ನೋಡಿದೆ. ಮೊದಲ ಅರ್ಧ ನೋಡಲಾಗದೆ ಎರಡು ಸಲ ಎದ್ದು ಹೋದೆ. ಆದರೆ ಕೊನೆಯ ಅರ್ಧ ಗಂಟೆ ಎಲ್ಲರೂ ಹೆದರಿ ದಿಂಬು ತಬ್ಬಿಕೊಂಡು ಕೂತಿದ್ದಾಗ ನನಗೆ ಮಾತ್ರ ಉಸಿರು ಬಂದ ಹಾಗಾಯಿತು. ದೆವ್ವ ಬಂದ ಮೇಲೆ ಹಗುರಾಗುವುದು ಸರಿಯಾ? ಇದು ಸಾವಿನ ದುಃಖದ ಸಿನಿಮಾನೋ, ದೆವ್ವದ ಸಿನಿಮಾನೋ? ದುಃಖದ ಕಥೆ ಹೇಳ್ತೀನಿ ಅಂತ ಕೂರಿಸಿ ನಿರ್ದೇಶಕರು ಕೊನೆಗೆ ಮೋಸ ಮಾಡಿದರಾ? ಅಮ್ಮನಿಗೆ ತೋರಿಸಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ಅಮ್ಮನಿಗೆ ತೋರಿಸಬೇಡಿ. ಈಗಂತೂ ಬೇಡ. ಯಾಕೆ ಎಂಬುದು ಮುಂದೆ ಬರುತ್ತದೆ. ಉಳಿದ ಓದುಗರಿಗೆ ಒಂದು ಮಾತು: ಈ ಸಿನಿಮಾ ಇನ್ನೂ ನೋಡಿಲ್ಲದವರು, ನೋಡಬೇಕೆಂದಿರುವವರು ಇಲ್ಲೇ ನಿಲ್ಲಿಸಿ. ಕಥೆ ಮುಚ್ಚಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಕೊಡಲು ಆಗುವುದಿಲ್ಲ.

ನಿಮಗೆ ಉಸಿರು ಬಂದದ್ದರಲ್ಲಿ ತಪ್ಪೇನೂ ಇಲ್ಲ. ಸಿನಿಮಾ ನೋಡುವುದನ್ನು ಕಲಿಸುವುದೇ ನನ್ನ ಕೆಲಸ. ಈ ಸಿನಿಮಾ ಬಗ್ಗೆ ಹುಡುಗರು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಒಂದೇ ತರಹ. ಪೈಮನ್ ಎಂಬ ದೈತ್ಯ ಯಾರು, ಸಿನಿಮಾದಲ್ಲಿ ಕಾಣುವ ಆ ಲಾಂಛನದ ಅರ್ಥ ಏನು, ಕೊನೆಗೆ ಏನಾಯಿತು. ದೆವ್ವ ಬಂದಾಗ ಹಗುರಾಯಿತು ಎಂದು ನನ್ನೆದುರು ಒಪ್ಪಿಕೊಂಡವರು ನೀವೇ ಮೊದಲು. ನನಗೂ ಹಾಗೇ ಆಗಿತ್ತು. ಯಾರಿಗೂ ಹೇಳಿರಲಿಲ್ಲ.

ಸಿನಿಮಾದ ವಿವರ ಚುಟುಕಾಗಿ ಹೇಳಿಬಿಡುತ್ತೇನೆ. ಆರಿ ಆಸ್ಟರ್ ಅವರ ಮೊದಲ ಪೂರ್ಣ ಪ್ರಮಾಣದ ಸಿನಿಮಾ ಇದು. 2018ರ ಜನವರಿಯಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲು ತೋರಿಸಿದರು, ಜೂನ್‌ನಲ್ಲಿ ಥಿಯೇಟರಿಗೆ ಬಂತು. ಸುಮಾರು 1 ಕೋಟಿ ಡಾಲರ್ ಖರ್ಚಾಗಿತ್ತು, 8 ಕೋಟಿ ಡಾಲರಿನ ಆಸುಪಾಸು ದುಡಿಯಿತು. ವಿಮರ್ಶಕರು ಹೊಗಳಿದರು. ಆದರೆ ಮೊದಲ ದಿನ ಥಿಯೇಟರಿನಿಂದ ಹೊರಬರುವವರನ್ನು ಕೇಳಿ ದರ್ಜೆ ಕೊಡುವ ಸಿನಿಮಾಸ್ಕೋರ್ ಸಮೀಕ್ಷೆಯಲ್ಲಿ ಸಿಕ್ಕಿದ್ದು ಡಿ ಪ್ಲಸ್. ಅಂದರೆ ಹೆಚ್ಚುಕಮ್ಮಿ ಫೇಲು. ದೆವ್ವದ ಸಿನಿಮಾ ಅಂತ ಪಾಪ್‌ಕಾರ್ನ್ ಹಿಡಿದು ಬಂದವರನ್ನು ಎರಡು ಗಂಟೆ ಸಾವಿನ ಮನೆಯಲ್ಲಿ ಕೂರಿಸಿದರೆ ಇನ್ನೇನಾಗುತ್ತದೆ? ನಿಮ್ಮದು ಆ ಪ್ರೇಕ್ಷಕರ ದೂರಿಗೆ ಸರಿಯಾಗಿ ಉಲ್ಟಾ ದೂರು. ಅವರಿಗೆ ದುಃಖ ಜಾಸ್ತಿ ಆಯಿತು, ನಿಮಗೆ ದೆವ್ವ ಜಾಸ್ತಿ ಆಯಿತು.

ಈಗ ಕಥೆಗೆ ಬರೋಣ.

ಸಿನಿಮಾ ಶುರುವಾಗುವುದೇ ಒಂದು ಸಾವಿನಿಂದ. ಆನಿ ಗ್ರಹಾಂ ಎಂಬ ಕಲಾವಿದೆಯ ತಾಯಿ ಎಲೆನ್ ತೀರಿಕೊಂಡಿದ್ದಾಳೆ. ಆನಿಯಾಗಿ ಟೋನಿ ಕೊಲೆಟ್ ನಟಿಸಿದ್ದಾರೆ. ಅಂತ್ಯಸಂಸ್ಕಾರದ ದಿನ ನಾಲ್ಕು ಮಾತಾಡಲು ನಿಂತ ಆನಿ, ಅಮ್ಮ ಬಹಳ ಗುಟ್ಟಿನ ಹೆಂಗಸು ಅನ್ನುತ್ತಾಳೆ. ಇಷ್ಟೊಂದು ಅಪರಿಚಿತ ಮುಖಗಳು ಬಂದಿರುವುದು ನೋಡಿ ಆಶ್ಚರ್ಯವಾಯಿತು ಅನ್ನುತ್ತಾಳೆ. ಹೊಗಳಬೇಕಾದ ಜಾಗದಲ್ಲಿ ಹೊಗಳಲು ಆಗದ ಮಗಳ ಮಾತು ಅದು. ಮನೆಗೆ ಬಂದ ಮೇಲೆ ಗಂಡನನ್ನು ಕೇಳುತ್ತಾಳೆ: ನನಗೆ ಇನ್ನೂ ಜಾಸ್ತಿ ದುಃಖ ಆಗಬೇಕಿತ್ತಾ?

ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವ ಪಾತ್ರಗಳು ಸಿನಿಮಾಗಳಲ್ಲಿ ಅಪರೂಪ. ಸತ್ತವರ ಮೇಲೆ ಪ್ರೀತಿ, ಸಿಟ್ಟು ಎರಡೂ ಇದ್ದರೆ ಅಳು ನೆಟ್ಟಗೆ ಬರುವುದಿಲ್ಲ. ಊರಿನವರೆದುರು ಅಳಬೇಕಾದಷ್ಟು ಅತ್ತು, ಒಳಗೆ ಬಂದು ಕನ್ನಡಿಯೆದುರು ನಿಂತು ತನ್ನನ್ನೇ ಅನುಮಾನಿಸಿದವರಿಗೆ ಅದು ಗೊತ್ತು.

ಗಂಡನಿಗೆ ಸಿನಿಮಾಕ್ಕೆ ಹೋಗ್ತೀನಿ ಅಂತ ಸುಳ್ಳು ಹೇಳಿ ಆನಿ ಒಂದು ಸಭೆಗೆ ಹೋಗುತ್ತಾಳೆ. ಮನೆಯವರನ್ನು ಕಳೆದುಕೊಂಡವರು ವೃತ್ತವಾಗಿ ಕುರ್ಚಿ ಹಾಕಿಕೊಂಡು ಕೂರುವ ಸಭೆ. ಅಲ್ಲಿ ಬಾಯಿ ತೆರೆದದ್ದೇ ತಡ, ಮನೆತನದ ಇಡೀ ಚರಿತ್ರೆ ಹೊರಗೆ ಬೀಳುತ್ತದೆ. ಅಪ್ಪ ಖಿನ್ನತೆಯಿಂದ ಊಟ ಬಿಟ್ಟು ಸತ್ತದ್ದು. ಅಣ್ಣ 16ನೇ ವಯಸ್ಸಿಗೆ ನೇಣು ಹಾಕಿಕೊಂಡದ್ದು, ಅಮ್ಮ ನನ್ನೊಳಗೆ ಬೇರೆಯವರನ್ನು ತುಂಬಿಸಲು ನೋಡುತ್ತಿದ್ದಾಳೆ ಎಂದು ಬರೆದಿಟ್ಟದ್ದು. ಅಮ್ಮನ ಮನಸ್ಸಿನ ಕಾಯಿಲೆ, ಕೊನೆಗಾಲದ ಮರೆವು. ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಅವಳ ಬಾಯಲ್ಲಿ ಒಂದು ವಿಚಿತ್ರ ಮಾತು ಬರುತ್ತದೆ. ತಪ್ಪು ನನ್ನದು ಎಂದು ಶುರುಮಾಡಿ, ಅಲ್ಲಲ್ಲ, ತಪ್ಪು ನನ್ನದಲ್ಲ, ಆದರೆ ತಪ್ಪು ನನ್ನ ಮೇಲೆ ಬರುತ್ತದೆ ಅನ್ನುತ್ತಾಳೆ. ಯಾವುದಕ್ಕೆ ಎಂದು ಕೇಳಿದರೆ ಉತ್ತರ ಇಲ್ಲ.

ಇಡೀ ಸಿನಿಮಾದ ಬೀಗದ ಕೈ ಆ ಒಂದು ಮಾತು. ಇದು ದುಃಖದ ಸಿನಿಮಾ ಅನ್ನುವುದಕ್ಕಿಂತ ತಪ್ಪು ಯಾರದು ಎಂಬುದರ ಸಿನಿಮಾ ಅಂದರೆ ಸರಿ. ಸಾವಿನ ಮನೆಯಲ್ಲಿ ಕಣ್ಣೀರಿಗಿಂತ ಮೊದಲು ಹುಟ್ಟುವುದು ಈ ಲೆಕ್ಕ. ಯಾರು ಕಳಿಸಿದ್ದು, ಯಾರು ಬೇಡ ಅನ್ನಲಿಲ್ಲ, ಯಾರು ಹತ್ತು ನಿಮಿಷ ತಡ ಮಾಡಿದ್ದು.

ಎರಡನೇ ಸಾವನ್ನು ಗಮನಿಸಿ. ಆನಿಯ ಮಗಳು ಚಾರ್ಲಿಗೆ 13 ವರ್ಷ. ಅವಳಿಗೆ ಬೀಜಗಳು ಆಗಿಬರುವುದಿಲ್ಲ, ತಿಂದರೆ ಗಂಟಲು ಊದಿಕೊಳ್ಳುತ್ತದೆ. ಅಣ್ಣ ಪೀಟರ್ ಪಾರ್ಟಿಗೆ ಹೊರಟಿದ್ದಾನೆ. ತಂಗಿಗೆ ಹೋಗಲು ಇಷ್ಟವಿಲ್ಲ. ಅಮ್ಮನೇ ಬಲವಂತ ಮಾಡಿ ಜೊತೆಗೆ ಕಳಿಸುತ್ತಾಳೆ. ಪಾರ್ಟಿಯಲ್ಲಿ ಪೀಟರ್ ಅವಳನ್ನು ಬಿಟ್ಟು ಗಾಂಜಾ ಸೇದಲು ಇನ್ನೊಂದು ರೂಮಿಗೆ ಹೋಗುತ್ತಾನೆ. ಅವಳು ಚಾಕೊಲೇಟ್ ಕೇಕ್ ತಿನ್ನುತ್ತಾಳೆ, ಅದರಲ್ಲಿ ಬೀಜ ಇದೆ. ಅಲರ್ಜಿಯ ಇಂಜೆಕ್ಷನ್ ಕೈಯಲ್ಲಿಲ್ಲ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಉಸಿರಿಗಾಗಿ ಕಿಟಕಿಯಿಂದ ತಲೆ ಹೊರಹಾಕುತ್ತಾಳೆ. ರಸ್ತೆಯಲ್ಲಿ ಸತ್ತ ಪ್ರಾಣಿ ಬಿದ್ದಿದೆ, ಪೀಟರ್ ಗಾಡಿ ತಿರುಗಿಸುತ್ತಾನೆ, ಪಕ್ಕದಲ್ಲಿ ಕಂಬ.

ಲೆಕ್ಕ ಹಾಕಿ ನೋಡಿ. ಬಲವಂತ ಮಾಡಿದ್ದು ಅಮ್ಮ. ಬಿಟ್ಟು ಹೋದದ್ದು ಅಣ್ಣ. ಕೇಕ್ ತಿಂದದ್ದು ಮಗುವೇ. ಪ್ರಾಣಿ ಅಡ್ಡ ಬಿದ್ದದ್ದು ಯಾರ ತಪ್ಪೂ ಅಲ್ಲ. ಒಂದೊಂದು ಎಳೆಯೂ ಪುಟ್ಟದು, ಸಾಧಾರಣ. ಯಾರ ಕುತ್ತಿಗೆಗೂ ಪೂರ್ತಿ ಸುತ್ತಿಕೊಳ್ಳುವುದಿಲ್ಲ. ಎಲ್ಲರ ಕುತ್ತಿಗೆಗೂ ಒಂದಷ್ಟು ಸುತ್ತಿಕೊಳ್ಳುತ್ತದೆ.

ಆಮೇಲಿನ ಐದಾರು ನಿಮಿಷ ನೀವು ಎದ್ದು ಹೋದ ಜಾಗ ಇರಬೇಕು. ಪೀಟರ್ ಹಿಂದೆ ತಿರುಗುವುದಿಲ್ಲ. ಹಾಗೇ ಕೂರುತ್ತಾನೆ. ಕನ್ನಡಿ ಕಡೆ ಕಣ್ಣು ಎತ್ತಲು ಹೋಗಿ ತಡೆದುಕೊಳ್ಳುತ್ತಾನೆ. ಮೆಲ್ಲಗೆ ಗಾಡಿ ಓಡಿಸಿಕೊಂಡು ಮನೆಗೆ ಬರುತ್ತಾನೆ, ಮೆಟ್ಟಿಲು ಹತ್ತುತ್ತಾನೆ, ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗುತ್ತಾನೆ. ಯಾರನ್ನೂ ಎಬ್ಬಿಸುವುದಿಲ್ಲ. ಬೆಳಗಾಗುತ್ತದೆ. ಕ್ಯಾಮೆರಾ ಅವನ ಮುಖದ ಮೇಲೇ ಇದೆ. ಅಮ್ಮ ಹೊರಗೆ ಹೋಗಿ ಬರ್ತೀನಿ ಅನ್ನುವುದು ಕೇಳುತ್ತದೆ. ಬಾಗಿಲು ತೆಗೆದ ಸದ್ದು, ಕಾರಿನ ಕಡೆಗೆ ನಡೆದ ಸದ್ದು. ಆಮೇಲೆ ಕಿರುಚಾಟ. ಕ್ಯಾಮೆರಾ ಆಗಲೂ ಅವನ ಮುಖ ಬಿಟ್ಟು ಕದಲುವುದಿಲ್ಲ.

ಬೇರೆ ಯಾವ ನಿರ್ದೇಶಕರಾದರೂ ಇಲ್ಲಿ ತಾಯಿಯನ್ನು ತೋರಿಸುತ್ತಿದ್ದರು. ಮಗಳ ದೇಹ ಕಂಡ ತಾಯಿಯ ಮುಖಕ್ಕಿಂತ ದೊಡ್ಡ ಶಾಟ್ ಇದೆಯಾ? ಆಸ್ಟರ್ ತೋರಿಸುವುದು ಅದು ಆಗಲಿದೆ ಎಂದು ರಾತ್ರಿಯಿಡೀ ಗೊತ್ತಿದ್ದು, ಹೇಳಲು ಬಾಯಿ ಬರದೆ ಬಿದ್ದುಕೊಂಡ ಹುಡುಗನನ್ನು. ಅವನು ಹೃದಯವಿಲ್ಲದವನು ಅಂತ ಕೆಲವರು ಬರೆದರು. ಅಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ, ಹೇಳುವ ತನಕ ಮನೆಯಲ್ಲಿ ಇನ್ನೂ ಅದು ಆಗಿಲ್ಲ. ಈ ಹುಚ್ಚು ಲೆಕ್ಕ ಅಂಥ ರಾತ್ರಿ ಕಂಡವರಿಗೆ ಹುಚ್ಚು ಅನ್ನಿಸುವುದಿಲ್ಲ.

ಆಮೇಲೆ ಕ್ಯಾಮೆರಾ ರಸ್ತೆ ಬದಿಗೆ ಹೋಗಿ ತೋರಿಸುವುದನ್ನು ತೋರಿಸಿಯೇ ಬಿಡುತ್ತದೆ. ಅದು ಬೇಕಿರಲಿಲ್ಲ ಎಂದು ಎರಡು ಸಲ ನೋಡಿದಾಗಲೂ ಅನ್ನಿಸಿತು. ಮೂರನೇ ಸಲ ಕಣ್ಣು ಮುಚ್ಚಿಕೊಂಡೆ. ಆದ್ದರಿಂದ ಈಗ ಅಭಿಪ್ರಾಯ ಇಲ್ಲ.

ಈಗ ಊಟದ ಮೇಜು. ಈ ಸಿನಿಮಾದ ನಿಜವಾದ ಹಾರರ್ ಸೀನ್ ಇದೇ. ದೆವ್ವ ಇಲ್ಲ, ಕತ್ತಲೆ ಇಲ್ಲ, ರಕ್ತ ಇಲ್ಲ. ಮೂರು ಜನ, ಮೂರು ತಟ್ಟೆ. ಯಾರೂ ಮಾತಾಡುತ್ತಿಲ್ಲ. ಪೀಟರ್ ತಡೆಯಲಾಗದೆ, ಅಮ್ಮಾ, ಮನಸ್ಸಿನಲ್ಲಿ ಏನಿದೆಯೋ ಹೇಳಿಬಿಡು ಅನ್ನುತ್ತಾನೆ. ಕಟ್ಟೆ ಒಡೆಯುತ್ತದೆ. ಈ ಮನೆಯಲ್ಲಿ ಯಾರೂ ತಾವು ಮಾಡಿದ್ದನ್ನು ಒಪ್ಪಿಕೊಳ್ಳುವುದಿಲ್ಲ, ಅದಕ್ಕೇ ನಾನೂ ಕ್ಷಮಿಸಲಾರೆ ಎಂದು ಆನಿ ಎದ್ದು ನಿಂತು ಕಿರುಚುತ್ತಾಳೆ. ಕೊಲೆಟ್ ಅವರ ಮುಖ ಆಗ ಮುಖದಂತೆಯೇ ಇರುವುದಿಲ್ಲ, ಚರ್ಮದ ಅಡಿಯಲ್ಲಿ ಏನೋ ಓಡಾಡಿದ ಹಾಗಿರುತ್ತದೆ. (ಆ ವರ್ಷ ಅವರಿಗೆ ಗೋಥಮ್ ಪ್ರಶಸ್ತಿ ಬಂತು. ಆಸ್ಕರ್‌ಗೆ ಹೆಸರೂ ಹೋಗಲಿಲ್ಲ. ದೆವ್ವದ ಸಿನಿಮಾದಲ್ಲಿ ನಟಿಸಿದ್ದೇ ತಪ್ಪಾಯಿತು ಅನ್ನಿ.)

ಅವಳು ಕೂತ ಮೇಲೆ ಪೀಟರ್ ಬಹಳ ಸಣ್ಣ ದನಿಯಲ್ಲಿ ಒಂದು ಪ್ರಶ್ನೆ ಕೇಳುತ್ತಾನೆ. ಅವಳಿಗೆ ಪಾರ್ಟಿಗೆ ಹೋಗಲು ಇಷ್ಟ ಇರಲಿಲ್ಲ, ಮತ್ತೆ ಯಾಕೆ ಬಂದಳು?

ಅಷ್ಟೇ. ಅಪ್ಪ ನಡುವೆ ಬಂದು ನಿಲ್ಲಿಸುತ್ತಾನೆ. ಊಟ ಮುಗಿಯುವುದಿಲ್ಲ. ಆ ಮೇಜಿನ ಮೇಲೆ ಬರಬೇಕಿದ್ದ ಎರಡು ಮಾತು ಬರುವುದಿಲ್ಲ. ನಾನು ಬಿಟ್ಟು ಹೋಗಬಾರದಿತ್ತು ಎಂದು ಅವನು ಹೇಳಬೇಕಿತ್ತು. ನಾನು ಕಳಿಸಬಾರದಿತ್ತು ಎಂದು ಅವಳು ಹೇಳಬೇಕಿತ್ತು. ಸಿನಿಮಾ ಮುಗಿಯುವವರೆಗೂ ಆ ಮಾತುಗಳು ಬರುವುದಿಲ್ಲ.

ಬದಲಿಗೆ ಆನಿ ಏನು ಮಾಡುತ್ತಾಳೆ? ಅವಳ ಕಸುಬು ಗೊಂಬೆಮನೆಗಳಂಥ ಪುಟಾಣಿ ಮಾದರಿಗಳನ್ನು ಮಾಡುವುದು. ತನ್ನ ಬದುಕಿನ ದೃಶ್ಯಗಳನ್ನೇ ಬೆರಳುದ್ದ ಮಾಡಿ ಇಡುತ್ತಾಳೆ. ಮಗಳ ಅಪಘಾತವನ್ನೂ ಮಾಡುತ್ತಾಳೆ. ಕಾರು, ಕಂಬ, ರಸ್ತೆಯ ಮೇಲೆ ಆ ಪುಟ್ಟ ತಲೆ, ಬ್ರಷ್ಷಿನ ತುದಿಯಲ್ಲಿ ಕೆಂಪು ಬಣ್ಣ. ಗಂಡ ನೋಡಿ ಗಾಬರಿಯಾಗಿ, ಇದನ್ನು ಪೀಟರ್ ನೋಡಿದರೆ ಏನಂದುಕೊಳ್ಳುತ್ತಾನೆ ಎಂದು ಕೇಳಿದರೆ, ಇದು ಅವನ ಬಗ್ಗೆ ಅಲ್ಲ, ಅಪಘಾತವನ್ನು ಪಕ್ಷಪಾತವಿಲ್ಲದೆ ನೋಡಿದ್ದು ಅನ್ನುತ್ತಾಳೆ. ನನಗೆ ಮೈ ಜುಮ್ಮೆಂದದ್ದು ಇಲ್ಲಿ. ಬಾಯಲ್ಲಿ ಹೇಳಲಾಗದ್ದನ್ನು ಅಂಟು, ಮರದ ಚೂರು, ಬಣ್ಣದಲ್ಲಿ ಮಾಡಿಟ್ಟಿದ್ದಾಳೆ. ಯಾರ ತಪ್ಪೂ ಕಾಣದಷ್ಟು ಚಿಕ್ಕದು ಮಾಡಿ ಇಟ್ಟಿದ್ದಾಳೆ.

ಇಲ್ಲಿಗೆ ನನ್ನ ಮನೆಯ ಕಥೆ ಸ್ವಲ್ಪ ಹೇಳಬೇಕು. ನಿಮ್ಮ ಉಸಿರಿನ ಪ್ರಶ್ನೆಗೆ ಸಿನಿಮಾ ಪುಸ್ತಕಗಳಲ್ಲಿ ಉತ್ತರ ಸಿಗುವುದಿಲ್ಲ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಣ್ಣ ಹೋದ. ರಾಗಿ ಹಿಟ್ಟು ಮುಗಿದಿದೆ ಎಂದದ್ದು ಅಮ್ಮ. ಗಿರಣಿ ಮುಚ್ಚುವುದರೊಳಗೆ ಹೋಗಿ ಬಾ ಎಂದದ್ದು ಅಪ್ಪ. ಹೋಗಬೇಕಾಗಿದ್ದದ್ದು ನಾನು, ಲೆಕ್ಕ ಮಾಡಬೇಕು ಎಂದು ತಪ್ಪಿಸಿಕೊಂಡೆ. ಅಣ್ಣ ಸೈಕಲ್ ತೆಗೆದ. ವಾಪಸ್ ಬರುವಾಗ ಲಾರಿ. ಯಾರೋ ಪುಣ್ಯಾತ್ಮರು ಹಿಟ್ಟಿನ ಚೀಲವನ್ನು ತಂದು ಜಗುಲಿ ಮೇಲೆ ಇಟ್ಟು ಹೋದರು. ಚೀಲಕ್ಕೆ ಏನೂ ಆಗಿರಲಿಲ್ಲ, ಕಟ್ಟಿದ ದಾರವೂ ಬಿಚ್ಚಿರಲಿಲ್ಲ. ಹದಿಮೂರು ದಿನ ಆಯಿತು, ತಿಂಗಳಾಯಿತು. ಆ ಚೀಲ ಅಡುಗೆಮನೆಯ ಮೂಲೆಯಲ್ಲೇ ಇತ್ತು. ಬಳಸುವ ಹಾಗಿಲ್ಲ, ಎಸೆಯುವ ಹಾಗಿಲ್ಲ. ಹುಳ ಬಿದ್ದರೂ ಯಾರೂ ಮುಟ್ಟಲಿಲ್ಲ. ರಾಗಿ ಮುದ್ದೆ ಬಿಟ್ಟು ಒಂದು ಹೊತ್ತೂ ಇರದ ಮನೆಯಲ್ಲಿ ಮೂರು ಹೊತ್ತೂ ಅನ್ನ. ಯಾಕೆ ಎಂದು ಯಾರೂ ಕೇಳಲಿಲ್ಲ.

ಅಪ್ಪ ಒಂದು ದಿನ ಪಕ್ಕದ ಊರಿನ ಜ್ಯೋತಿಷಿಯ ಹತ್ತಿರ ಹೋದರು, ನಾನೂ ಜೊತೆಗಿದ್ದೆ. ಅವರು ಕವಡೆ ಹಾಕಿ, ಹಿತ್ತಲಲ್ಲಿ ಹುತ್ತದ ಪಕ್ಕದ ಮರ ಕಡಿದಿದ್ದೀರಾ ಎಂದು ಕೇಳಿದರು. ಕಡಿದಿದ್ದೆವು. ನಾಗದೋಷ ಅಂದರು. ಆಗ ಅಪ್ಪನ ಭುಜ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಹೆದರುತ್ತಾರೆ ಅಂದುಕೊಂಡಿದ್ದೆ. ಮೂರು ತಿಂಗಳಿಂದ ಗಂಟು ಹಾಕಿಕೊಂಡಿದ್ದ ಮುಖ ಸಡಿಲಾಯಿತು. ಬಸ್ ಸ್ಟ್ಯಾಂಡಿನಲ್ಲಿ ನನಗೆ ಬಾದಾಮಿ ಹಾಲು ಕೊಡಿಸಿದರು.

ನಿಮಗೆ ಬಂದ ಉಸಿರು ಅದೇ ಉಸಿರು. ತಪ್ಪು ಅಮ್ಮನದಲ್ಲ, ಅಣ್ಣನದಲ್ಲ, ನನ್ನದಲ್ಲ. ಕೊನೆಗೂ ಗೂಬೆ ಕೂರಿಸಲು ಒಂದು ತಲೆ ಸಿಕ್ಕಿತು.

ಸಿನಿಮಾದಲ್ಲಿ ಆ ತಲೆ ಪೈಮನ್ ಎಂಬ ದೈತ್ಯನದು. ಸಭೆಯ ಹೊರಗೆ ಪರಿಚಯವಾದ ಜೋನ್ ಎಂಬ ಹೆಂಗಸು ಆನಿಗೆ ಸತ್ತವರನ್ನು ಕರೆಯುವುದು ಹೇಗೆಂದು ಕಲಿಸುತ್ತಾಳೆ. ಆನಿ ನಡುರಾತ್ರಿ ಗಂಡ, ಮಗನನ್ನು ಎಬ್ಬಿಸಿ ಮಗಳನ್ನು ಕರೆಯುತ್ತಾಳೆ. ಆ ಹೊತ್ತಿನ ಅವಳ ಮುಖ ನೋಡಿ. ಇಡೀ ಸಿನಿಮಾದಲ್ಲಿ ಅವಳು ಉಲ್ಲಾಸದಿಂದ ಇರುವುದು ಅಲ್ಲೊಂದೇ ಕಡೆ. ನಾನು ಬಸ್ ಸ್ಟ್ಯಾಂಡಿನಲ್ಲಿ ಕಂಡ ಮುಖ ಅದು. ಆಮೇಲೆ ಒಂದೊಂದಾಗಿ ಗೊತ್ತಾಗುತ್ತದೆ: ಜೋನ್ ಸತ್ತ ಅಜ್ಜಿಯ ಹಳೇ ಗೆಳತಿ. ಅಜ್ಜಿಯ ಗುಂಪು ಪೈಮನ್‌ಗೆ ಒಂದು ಗಂಡು ದೇಹ ಹುಡುಕುತ್ತಿತ್ತು. ಮಗಳು ಸತ್ತದ್ದು ಅಪಘಾತ ಅಲ್ಲ, ವ್ಯವಸ್ಥೆ. ಆ ಕಂಬದ ಮೇಲೆ ಪಾರ್ಟಿಗೆ ಹೋಗುವಾಗಲೇ ಆ ಗುಂಪಿನ ಲಾಂಛನ ಕಾಣುತ್ತದೆ. ಮೊದಲ ಸಲ ನೋಡುವಾಗ ಯಾರ ಕಣ್ಣಿಗೂ ಬೀಳುವುದಿಲ್ಲ.

ಆದ್ದರಿಂದ ಮೋಸ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಿರ್ದೇಶಕರು ಮೊದಲ ಶಾಟ್‌ನಲ್ಲೇ ಹೇಳಿದ್ದಾರೆ. ಕ್ಯಾಮೆರಾ ಆನಿಯ ಕೆಲಸದ ಕೋಣೆಯಲ್ಲಿ ತಿರುಗಿ ಒಂದು ಗೊಂಬೆಮನೆಯ ಹತ್ತಿರ ಹೋಗುತ್ತದೆ. ಅದರೊಳಗಿನ ಒಂದು ಕೋಣೆ ತೆರೆಯ ತುಂಬ ಬರುತ್ತದೆ. ಬಾಗಿಲು ತೆರೆದು ಗಂಡ ಒಳಗೆ ಬಂದು ಮಲಗಿದ್ದ ಮಗನನ್ನು ಎಬ್ಬಿಸುತ್ತಾನೆ. ಅಂದರೆ ಇವರೆಲ್ಲ ಯಾರದೋ ಕೈಯಲ್ಲಿರುವ ಗೊಂಬೆಗಳು. ಇದಕ್ಕಾಗಿಯೇ ಅಮೆರಿಕದ ಯೂಟಾ ರಾಜ್ಯದಲ್ಲಿ ಮನೆಯ ಒಳಾಂಗಣವನ್ನು ಸೆಟ್ ಹಾಕಿ ಕಟ್ಟಿದರು. ಬೇಕಾದಾಗ ಗೋಡೆ ತೆಗೆದು, ದೂರದಿಂದ, ಗೊಂಬೆಮನೆಯೊಳಗೆ ಇಣುಕಿದ ಹಾಗೆ ಚಿತ್ರೀಕರಿಸಬಹುದಿತ್ತು. ಹೊರಗಿನಿಂದ ಮನೆ ತೋರಿಸುವಾಗ ರಾತ್ರಿ ಇದ್ದದ್ದು ಒಂದೇ ಕಟ್‌ನಲ್ಲಿ ಹಗಲಾಗುತ್ತದೆ, ಯಾರೋ ಲೈಟಿನ ಸ್ವಿಚ್ ಹಾಕಿದ ಹಾಗೆ. ಪೀಟರ್‌ನ ಕ್ಲಾಸಿನಲ್ಲಿ ಗ್ರೀಕ್ ನಾಟಕದ ಪಾಠ ನಡೆಯುತ್ತಿರುತ್ತದೆ, ವಿಧಿಯ ಯಂತ್ರದಲ್ಲಿ ಪಾತ್ರಗಳು ಬರೀ ದಾಳಗಳು ಎಂದು ಹುಡುಗಿಯೊಬ್ಬಳು ಹೇಳುತ್ತಾಳೆ. ಪೀಟರ್‌ಗೆ ಪಾಠದ ಕಡೆ ಗಮನ ಇಲ್ಲ. ನಮಗೂ ಇರುವುದಿಲ್ಲ.

ಆಸ್ಟರ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ: ಅವರ ಕುಟುಂಬದಲ್ಲೇ ಕೆಲವು ವರ್ಷ ಒಂದರ ಮೇಲೊಂದು ಕೆಟ್ಟದ್ದಾಗಿ, ಮನೆಗೆ ಶಾಪ ತಗುಲಿದೆಯೇನೋ ಅನ್ನಿಸಿತ್ತಂತೆ. ಈ ಮಾತು ಕೇಳಿದ ಮೇಲೆ ಸಿನಿಮಾ ನನಗೆ ಬೇರೆಯಾಗಿ ಕಂಡಿತು. ಶಾಪ ತಗುಲಿದೆ ಎಂದು ಬಾಯಲ್ಲಿ ಅನ್ನುವುದು ಒಂದು, ಹೌದು, ನಿಜಕ್ಕೂ ತಗುಲಿದೆ ಎಂದು ಗೊತ್ತಾಗುವುದು ಇನ್ನೊಂದು. ಎರಡನೆಯದು ಆದರೆ ಮನೆಯವರ ಗತಿ ಏನು ಎಂದು ಅವರು ಕೊನೆಯವರೆಗೂ ಹೋಗಿ ನೋಡುತ್ತಾರೆ.

ಏನಾಗುತ್ತದೆ? ಕೊನೆಯ ಭಾಗದಲ್ಲಿ ಭಯಕ್ಕೆ ಕಣ್ಣು ಮುಚ್ಚಿಕೊಂಡವರು ತಪ್ಪಿಸಿಕೊಂಡ ಒಂದು ಸೀನ್ ಇದೆ. ಮಗಳು ಚಿತ್ರ ಬಿಡಿಸುತ್ತಿದ್ದ ಪುಸ್ತಕವೇ ಈ ಪಿಡುಗಿಗೆ ಕಾರಣ, ಅದನ್ನು ಸುಟ್ಟರೆ ತಾನೂ ಸುಟ್ಟುಹೋಗುತ್ತೇನೆ ಎಂದು ಆನಿಗೆ ಖಾತ್ರಿಯಾಗಿದೆ. ಆದರೂ ಮಗ ಉಳಿಯಲಿ, ನೀನೇ ಇದನ್ನು ಬೆಂಕಿಗೆ ಹಾಕು ಎಂದು ಗಂಡನನ್ನು ಅಂಗಲಾಚುತ್ತಾಳೆ. ಮೊತ್ತಮೊದಲ ಬಾರಿಗೆ ಒಬ್ಬರು ಮುಂದೆ ಬಂದು, ನನ್ನ ಮೇಲೆ ಬರಲಿ ಅನ್ನುತ್ತಿದ್ದಾರೆ. ಊಟದ ಮೇಜಿನಲ್ಲಿ ಬರಬೇಕಿದ್ದ ಮಾತು ಇಷ್ಟು ತಡವಾಗಿ, ಇಷ್ಟು ಸೊಟ್ಟಗೆ ಬರುತ್ತದೆ. ಗಂಡ ನಂಬುವುದಿಲ್ಲ, ಹಾಕುವುದಿಲ್ಲ. ಅವಳೇ ಎಸೆಯುತ್ತಾಳೆ. ಹೊತ್ತಿಕೊಂಡು ಉರಿಯುವುದು ಅವಳಲ್ಲ, ಗಂಡ.

ಹಗುರಾದದ್ದಕ್ಕೆ ತೆರುವ ಬೆಲೆ ಇದು. ಎಲ್ಲ ದೆವ್ವವೇ ಮಾಡಿಸಿದ್ದು ಅಂದುಬಿಟ್ಟರೆ ಮನುಷ್ಯರ ತಪ್ಪು ಹೋಗುತ್ತದೆ, ಜೊತೆಗೆ ಅವರ ಕ್ಷಮೆಗೂ ಕಿಮ್ಮತ್ತು ಇಲ್ಲದಂತಾಗುತ್ತದೆ. ಆನಿಯ ತ್ಯಾಗವನ್ನು ತೆಗೆದುಕೊಳ್ಳುವವರೇ ಇಲ್ಲ. ನಮ್ಮ ಮನೆಯಲ್ಲೂ ನಾಗಪ್ರತಿಷ್ಠೆ ಆಯಿತು, ಒಂದು ವಾರ ಎಲ್ಲರೂ ಹಗುರಾಗಿದ್ದೆವು. ಆಮೇಲೆ ಪ್ರಶ್ನೆ ಬಂತು: ಮರ ಕಡಿಸಿದ್ದು ಯಾರು? ಚಿಕ್ಕಪ್ಪ. ಆರು ವರ್ಷ ಅವರ ಮನೆಗೂ ನಮ್ಮ ಮನೆಗೂ ಮಾತಿರಲಿಲ್ಲ.

ಹಾಗಂತ ಸಿನಿಮಾದಲ್ಲಿ ಕೊರತೆ ಇಲ್ಲವೆಂದಲ್ಲ. ಆನಿ ಹಳೇ ಆಲ್ಬಂ ತೆಗೆದು ಎಲ್ಲ ಅರ್ಥ ಮಾಡಿಕೊಳ್ಳುವ ಸೀನ್ ತೀರಾ ಪತ್ತೇದಾರಿ ಕಾದಂಬರಿ ಮಟ್ಟದ್ದು. ಕೊನೆಯಲ್ಲಿ ಮರದ ಮೇಲಿನ ಮನೆಯಲ್ಲಿ ನಿಂತು ಜೋನ್ ಎಲ್ಲವನ್ನೂ ಬಿಡಿಸಿ ಹೇಳುವುದು ಬೇಕಿರಲಿಲ್ಲ. ಅಷ್ಟು ಹೊತ್ತು ಹೇಳದೆ ಹೆದರಿಸಿದವರಿಗೆ ಕೊನೆಗೆ ನಮ್ಮ ಮೇಲೆ ನಂಬಿಕೆ ಹೋಯಿತು ಅನ್ನಿಸುತ್ತದೆ.

ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ಆನಿಯ ಅಣ್ಣನಿಗೆ ಸ್ಕಿಜೋಫ್ರೇನಿಯಾ ಇತ್ತು. ಅಮ್ಮ ನನ್ನೊಳಗೆ ಯಾರನ್ನೋ ತುಂಬಿಸುತ್ತಿದ್ದಾಳೆ ಎಂದು ಅವನು ಬರೆದದ್ದು ಕಾಯಿಲೆಯ ಮಾತು ಎಂದು ನಾವು ತಿಳಿದಿದ್ದೆವು. ಕೊನೆಗೆ ಅವನೇ ಸರಿ ಎಂದಾಗುತ್ತದೆ. ಕಥೆಯಾಗಿ ಇದು ಚುರುಕು. ಆದರೆ ಮನಸ್ಸಿನ ಕಾಯಿಲೆ ಇರುವವರನ್ನು ಡಾಕ್ಟರ ಹತ್ತಿರ ಕರೆದೊಯ್ಯುವ ಮೊದಲು ತಾಯಿತ ಕಟ್ಟಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅಲ್ಲಿ ಕೂತು ನೋಡಿದರೆ ಈ ತಿರುವು ಅಷ್ಟು ಮುಗ್ಧವಾಗಿ ಕಾಣುವುದಿಲ್ಲ. ಕ್ಲಾಸಿನಲ್ಲಿ ಈ ಸಿನಿಮಾ ತೋರಿಸಿದಾಗಲೆಲ್ಲ ಇದನ್ನು ನಾನೇ ಎತ್ತುತ್ತೇನೆ.

ಇಂಥದ್ದೇ ಬೇರೆ ಸಿನಿಮಾ ಇದೆಯಾ ಎಂದು ನೀವು ಕೇಳಿಲ್ಲ, ಆದರೂ ಎರಡು ಹೇಳುತ್ತೇನೆ. 1973ರ 'ಡೋಂಟ್ ಲುಕ್ ನೌ', ನಿಕೋಲಸ್ ರೋಗ್ ಅವರದು. ಕೊಳದಲ್ಲಿ ಮುಳುಗಿ ಮಗಳನ್ನು ಕಳೆದುಕೊಂಡ ಗಂಡ ಹೆಂಡತಿ ವೆನಿಸ್‌ಗೆ ಬಂದಿರುತ್ತಾರೆ. ನಿಮ್ಮ ಮಗಳು ನಿಮ್ಮ ಪಕ್ಕದಲ್ಲೇ ಕೂತು ನಗುತ್ತಿದ್ದಾಳೆ ಎಂದು ಕಣ್ಣು ಕಾಣದ ಹೆಂಗಸೊಬ್ಬಳು ಹೇಳುತ್ತಾಳೆ. ಹೆಂಡತಿ ನಂಬಿ ಚೇತರಿಸಿಕೊಳ್ಳುತ್ತಾಳೆ. ಗಂಡ ನಂಬುವುದಿಲ್ಲ, ಆದರೆ ವೆನಿಸ್ಸಿನ ಓಣಿಗಳಲ್ಲಿ ಕೆಂಪು ಕೋಟಿನ ಪುಟ್ಟ ಆಕೃತಿಯ ಹಿಂದೆ ಓಡುವವನೂ ಅವನೇ. ಸತ್ತಾಗ ಮಗಳು ಹಾಕಿದ್ದದ್ದು ಕೆಂಪು ಕೋಟು. ನಂಬಿದವರು ಉಳಿದು, ನಂಬದವನು ಸಾಯುವ ಸಿನಿಮಾ ಅದು. ಹೆರಿಡಿಟರಿಯಲ್ಲಿ ನಂಬಿದರೂ ಸಾವು, ನಂಬದಿದ್ದರೂ ಸಾವು.

ಇನ್ನೊಂದು 2014ರ 'ದಿ ಬಾಬಾಡೂಕ್', ಆಸ್ಟ್ರೇಲಿಯಾದ ಜೆನಿಫರ್ ಕೆಂಟ್ ಅವರದು. ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ಯುವಾಗಲೇ ಗಂಡ ಅಪಘಾತದಲ್ಲಿ ಸತ್ತಿದ್ದಾನೆ. ಮಗನ ಹುಟ್ಟಿದ ದಿನವೇ ಅಪ್ಪ ಸತ್ತ ದಿನ. ಹೆರಿಡಿಟರಿಯ ಮನೆಯಲ್ಲಿ ಆಗದ ಕೆಲಸ ಇಲ್ಲಿ ಆಗುತ್ತದೆ. ಅವನ ಬದಲು ನೀನು ಸಾಯಬೇಕಿತ್ತು ಎಂಬ, ಯಾವ ತಾಯಿಯೂ ಆಡಬಾರದ ಮಾತನ್ನು ತಾಯಿ ಆಡಿಯೇ ಬಿಡುತ್ತಾಳೆ. ಮಗ ಕೇಳಿಸಿಕೊಳ್ಳುತ್ತಾನೆ. ಆದರೂ ಇಬ್ಬರೂ ಬದುಕುತ್ತಾರೆ. ಪಿಶಾಚಿ ಸಾಯುವುದಿಲ್ಲ, ನೆಲಮಾಳಿಗೆಯಲ್ಲಿ ಇರುತ್ತದೆ. ಅದಕ್ಕೆ ಬಟ್ಟಲಿನಲ್ಲಿ ಎರೆಹುಳ ಇಟ್ಟು ಬರುತ್ತಾಳೆ. ನಿಮ್ಮ ಗೆಳೆಯರು ಇದನ್ನು ನೋಡಿ ನಗಬಹುದು. ನೀವು ನಗುವುದಿಲ್ಲ ಅಂದುಕೊಂಡಿದ್ದೇನೆ.

ಈ ಸಿನಿಮಾಗಳ ಬಗ್ಗೆ ಓದುವಾಗ ದುಃಖದ ಐದು ಹಂತಗಳು ಎಂಬ ಮಾತು ಎಲ್ಲೆಲ್ಲೂ ಸಿಗುತ್ತದೆ. ಮೊದಲು ನಿರಾಕರಣೆ, ಆಮೇಲೆ ಸಿಟ್ಟು, ಕೊನೆಗೆ ಒಪ್ಪಿಗೆ ಎಂದು ಸಿನಿಮಾವನ್ನು ಭಾಗ ಮಾಡಿ ತೋರಿಸುತ್ತಾರೆ. ತಲೆ ಕೆಡಿಸಿಕೊಳ್ಳಬೇಡಿ. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಆ ಹಂತಗಳನ್ನು ಬರೆದದ್ದು ಸ್ವತಃ ಸಾಯುತ್ತಿದ್ದ ರೋಗಿಗಳ ಜೊತೆ ಮಾತಾಡಿ. ಹಿಂದೆ ಉಳಿದವರಿಗೆ ಅದನ್ನು ಅಂಟಿಸಿದ್ದು ಆಮೇಲೆ. ಆನಿ ಯಾವ ಹಂತವನ್ನೂ ಹತ್ತುವುದಿಲ್ಲ. ಒಂದೇ ಮೆಟ್ಟಿಲ ಮೇಲೆ ನಿಂತು ಅದನ್ನೇ ತುಳಿಯುತ್ತಾಳೆ.

ಈಗ ಅಮ್ಮನ ವಿಷಯ. ತಂಗಿ ಹೇಗೆ ಹೋದಳು ಎಂದು ನೀವು ಬರೆದಿಲ್ಲ, ನಾನು ಕೇಳುವುದೂ ಇಲ್ಲ. ಆದರೆ ಅಮ್ಮನಿಗೆ ತೋರಿಸಬೇಕು ಎಂದು ನಿಮಗೆ ಅನ್ನಿಸಿದ್ದು ಯಾಕೆ ಎಂದು ಯೋಚಿಸಿ. ಊಟದ ಮೇಜಿನ ಸೀನ್ ನೋಡಿ ಅವರೇ ಏನಾದರೂ ಹೇಳಲಿ ಎಂದೇ? ಅಥವಾ ನಿಮಗೇ ಏನೋ ಹೇಳಬೇಕಿದ್ದು, ಸಿನಿಮಾ ನಿಮ್ಮ ಪರವಾಗಿ ಹೇಳಲಿ ಎಂದೇ? ಆ ಕೆಲಸಕ್ಕೆ ಈ ಸಿನಿಮಾ ಆಗುವುದಿಲ್ಲ. ಇದು ಮಾತು ಶುರುಮಾಡಿಸುವುದಿಲ್ಲ, ರಸ್ತೆ ಬದಿಯ ಆ ಶಾಟ್ ಒಂದನ್ನು ಅವರ ಕಣ್ಣಲ್ಲಿ ಬಿಟ್ಟು ಹೋಗುತ್ತದೆ. ಅವರಿಗೆ ಈಗಾಗಲೇ ಒಂದು ಇದ್ದೇ ಇರುತ್ತದೆ.

ನಮ್ಮ ಮನೆಯಲ್ಲಿ ಆ ಮಾತು ಬರಲು ಹನ್ನೊಂದು ವರ್ಷ ಹಿಡಿಯಿತು. ಕೆಲಸ ಸಿಕ್ಕಿ ನಾನು ಊರಿಗೆ ಮೊದಲ ಸಲ ರಜೆಗೆ ಬಂದಿದ್ದೆ. ರಾತ್ರಿ ಊಟಕ್ಕೆ ಕೂತಿದ್ದೆವು. ಅಮ್ಮ ಅದೇ ವರ್ಷ ಮತ್ತೆ ಮುದ್ದೆ ಮಾಡಲು ಶುರುಮಾಡಿದ್ದರು. ಅಪ್ಪ ಮುದ್ದೆ ಮುರಿಯುತ್ತಾ, ತಲೆ ಎತ್ತದೆ, ಅವತ್ತು ಕತ್ತಲಾಗಿತ್ತು, ನಾನು ಕಳಿಸಬಾರದಿತ್ತು ಅಂದರು. ಹೋಗಬೇಕಾಗಿದ್ದದ್ದು ನಾನು ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದರು. ಡಬ್ಬಿ ತಳದಲ್ಲಿ ಇನ್ನೂ ಒಂದು ಪಾವು ಹಿಟ್ಟಿತ್ತು ಕಣೋ, ಬೆಳಗ್ಗೆಗೆ ಸಾಕಾಗುತ್ತಿತ್ತು ಅಂದರು. ಆಮೇಲೆ ಅಪ್ಪನ ತಟ್ಟೆಗೆ ಸಾರು ಹಾಕಿದರು. ನನ್ನ ಕಡೆ ತಿರುಗಿ, ನಿನಗೂ ಹಾಕಲಾ ಎಂದು ಕೇಳಿದರು.